ಕೊನೆಯ ಪುಟದ ನಾಲ್ಕು ಮೂಲೆ

“ಹೊಲಿಗೆ ಹಾಕು, ಅಂಟು ಹಾಕು, ನಿನ್ನಿಷ್ಟ. ಕೊನೇ ಪುಟದ ಆ ಖಾಲಿ ಜಾಗದಲ್ಲಿ ಮಾತ್ರ ಯಾರ ಫೋಟೋನೂ ಇಡಬೇಡಪ್ಪ. ಒಂದು ಗಳಿಗೆಗೂ ಬೇಡ.”

ಎದೆಗವಚಿ ತಂದ ಆಲ್ಬಮ್ಮನ್ನು ಮೇಜಿನ ಮೇಲಿಟ್ಟರೂ ಮುದುಕಿ ಅದರ ಮೇಲಿಂದ ಕೈ ತೆಗೆದಿರಲಿಲ್ಲ. ಅವಳ ಅಣ್ಣ ಯುದ್ಧಕಾಲದಲ್ಲಿ ಕಡಲಾಚೆ ವಿಮಾನ ಹಾರಿಸಿದವನಂತೆ. ಇವೆಲ್ಲ ಅವನು ಅಲ್ಲಿ ತೆಗೆದ ಚಿತ್ರಗಳಂತೆ. ಈಗ ಹೊಲಿಗೆ ಸಡಿಲಾಗಿ ಹಾಳೆಗಳು ಉದುರತೊಡಗಿದ್ದವು.

“ಯಾಕಜ್ಜಿ, ಇಟ್ರೆ ವಿಮಾನ ಹತ್ತಿ ಹಾರಿಹೋಗ್ತಾರಾ?” ಬೈಂಡಿಂಗಿನವನು ನಕ್ಕ.

“ಹಾರಿಹೋಗಿದ್ರೆ ಎಲ್ಲೋ ಇದ್ದಾರೆ ಅಂದ್ಕೋಬಹುದಿತ್ತು,” ಎಂದಳು ಮುದುಕಿ. ಅವಳು ನಗಲಿಲ್ಲ.

ಅವನು ಆ ಊರಿಗೆ ಹೊಸಬ. ಹೆಂಡತಿ ಜ್ವರದಲ್ಲಿ ತೀರಿಕೊಂಡ ಮೇಲೆ ಇದ್ದ ಊರಿನಲ್ಲಿ ಇರಲಾಗದೆ ಬಂದವನು. ಮುಂದೆ ಅಂಗಡಿ, ಹಿಂದೆ ಕಿಟಕಿಯಿಲ್ಲದ ಕೋಣೆ. ಕೆಲಸ, ಒಲೆ, ಹಾಸಿಗೆ ಎಲ್ಲ ಅದರಲ್ಲೇ. ಊರಮಂದಿಯ ಆಲ್ಬಮ್ಮುಗಳನ್ನು ಜೋಪಾನ ಮಾಡಿಕೊಟ್ಟ ಮನುಷ್ಯ ಮನೆಯವಳ ಫೋಟೋ ಮಾತ್ರ ಒಂದೇ ಒಂದು ತೆಗೆಸಿದ್ದ. ಅದರಲ್ಲಿ ಅವಳು ಕುರ್ಚಿಯ ಮೇಲೆ ಕೂತು, ಒಂದು ಹುಬ್ಬು ಮೇಲೆತ್ತಿದ್ದಳು. ಬದುಕಿದ್ದಾಗಲೂ ಹಾಗೇ ನೋಡುತ್ತಿದ್ದವಳು. ಉಣ್ಣುವಾಗ ಅವನು ಜೇಬಿನಿಂದ ಅದನ್ನು ತೆಗೆದು ಲೋಟಕ್ಕೆ ಒರಗಿಸಿ, “ಇವತ್ತೂ ಉಪ್ಪು ಜಾಸ್ತಿಯಾಯ್ತು ಕಣೇ,” ಎನ್ನುತ್ತಿದ್ದ. ಎಷ್ಟೋ ದಿನ ಅವನ ಬಾಯಿಂದ ಬರುತ್ತಿದ್ದದ್ದು ಅದೊಂದೇ ಮಾತು.

ಮಧ್ಯಾಹ್ನ ಹೊಲಿಗೆ ಬಿಚ್ಚಿದ. ಕಪ್ಪು ಹಾಳೆಗಳಿಂದ ಸೀಮೆಎಣ್ಣೆಯ ಘಾಟು ಎದ್ದಿತು. ವಿಮಾನಗಳು, ಡೇರೆಗಳು, ರೆಕ್ಕೆಯ ನೆರಳಲ್ಲಿ ಕಾಲು ಚಾಚಿ ಕೂತ ಹುಡುಗರು. ಕೊನೆಗೆ, ಸುಟ್ಟು ನಿಂತ ಒಂದು ಗೋಡೆ. ಅದರ ಮುಂದೆ ಬೂದಿ ಬಣ್ಣದ ಹೊದಿಕೆ ಹೊದ್ದ ಹೆಂಗಸರ ಗುಂಪು. ಎಲ್ಲರೂ ಬೆನ್ನು ತಿರುಗಿಸಿದ್ದರು. ಎದುರು ಪುಟದಲ್ಲಿ ಫೋಟೋ ಸಿಕ್ಕಿಸುವ ನಾಲ್ಕು ಕಾಗದದ ಮೂಲೆಗಳು. ನಡುವೆ ಏನೂ ಇಲ್ಲ, ಬೆರಳಲ್ಲಿ ಸವರಿದಂಥ ಬೂದಿಯ ಗೆರೆಯೊಂದನ್ನು ಬಿಟ್ಟು.

ಎರಡು ಮೂಲೆ ಕಿತ್ತುಬಂದಿದ್ದವು. ಅವನ ಕಸುಬಿನಲ್ಲಿ ಒಂದು ಪದ್ಧತಿ: ಒಳಗೊಂದು ಫೋಟೋ ಸಿಕ್ಕಿಸಿಕೊಂಡೇ ಮೂಲೆ ಅಂಟಿಸಬೇಕು, ಇಲ್ಲವಾದರೆ ಒಂದು ಅತ್ತ, ಒಂದು ಇತ್ತ. ರಟ್ಟಿನ ತುಂಡು ಕತ್ತರಿಸಬಹುದಿತ್ತು. ಆದರೆ ಜಾಗದ ಅಳತೆ ಜೇಬಿನಲ್ಲಿದ್ದ ಫೋಟೋದ ಅಳತೆಯೇ.

“ಅಂಟು ಒಣಗೋವರೆಗೆ ಕೂತಿರು. ಅಜ್ಜಿಗೆ ಹೇಳ್ಬೇಡ,” ಎಂದು ಹೆಂಡತಿಗೆ ಹೇಳಿ, ಸಿಕ್ಕಿಸಿ, ಪುಟ ಮುಚ್ಚಿ ಮೇಲೆ ಕಬ್ಬಿಣದ ತೂಕವಿಟ್ಟ.

ಒಲೆಯ ಕಡೆ ತಿರುಗಿದಾಗ ಎಲ್ಲೋ ದೂರದಲ್ಲಿ ಗುಂಯ್ ಎಂದಿತು. ದುಂಬಿಯಿರಬೇಕು. ಸದ್ದು ಮಾಡಿನ ಮೇಲೆ ಬಂತು. ಲೋಟ ನಡುಗಿತು. ದೀಪ ಮಂಕಾಯಿತು. ಸುಟ್ಟ ವಾಸನೆ. ಒಲೆ ಹಚ್ಚಿರಲೇ ಇಲ್ಲ. ನಾಲಿಗೆಯ ಮೇಲೆ ಬೂದಿ. ಅವನು ತೂಕ ತಳ್ಳಿದ. ಪುಟ ಬಿಚ್ಚಿದ.

ಫೋಟೋ ಇತ್ತು. ಕುರ್ಚಿ ಇತ್ತು. ಕುರ್ಚಿಯ ಮೇಲೆ ಯಾರೂ ಇರಲಿಲ್ಲ.

ಎದುರು ಪುಟ ನೋಡಿದ. ಹೆಂಗಸರೆಲ್ಲ ಈ ಕಡೆ ತಿರುಗಿದ್ದರು. ಅದೇ ಹೊದಿಕೆ, ಅದೇ ಬೂದಿ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಒಬ್ಬಳು ಅವನವಳು. ಯಾರು? ಕಣ್ಣು ಮುಚ್ಚಿ ನೆನೆಸಿಕೊಂಡ. ದನಿ ಬಂತು. ಒದ್ದೆ ಕೂದಲ ವಾಸನೆ ಬಂತು. ಹುಬ್ಬು ಎತ್ತುತ್ತಿದ್ದಳು, ನೆನಪಿತ್ತು. ಯಾವ ಮುಖದ ಹುಬ್ಬು? ಮುಖ ಬರಲಿಲ್ಲ. ಎಷ್ಟು ತಡಕಿದರೂ ಬರಲಿಲ್ಲ.

ಸಂಜೆ ಬಂದ ಮುದುಕಿಗೆ ಏನೂ ಹೇಳಬೇಕಾಗಲಿಲ್ಲ. ತೆರೆದ ಪುಟ ನೋಡಿ ಸ್ಟೂಲಿನ ಮೇಲೆ ಕುಸಿದಳು.

“ಇಟ್ಟುಬಿಟ್ಯಾ, ಮಗನೇ.”

“ವಾಪಸ್ ಕರೆಸಿ ಅಜ್ಜಿ. ನಿಮ್ಮ ಕಾಲು ಹಿಡೀತೀನಿ. ಅದೊಂದೇ ಇದ್ದದ್ದು.”

“ಅವಳಿಗೂ ಒಂದೇ ಇತ್ತಂತೆ.” ಮುದುಕಿ ಗುಂಪಿನ ಮುಂದೆ ನಿಂತವಳನ್ನು ತೋರಿಸಿದಳು. “ಅಣ್ಣ ಬಾಂಬು ಹಾಕಿದ ಊರಿನವಳು. ಸತ್ತ ಮಗೂದು ಫೋಟೋ ಹಿಡ್ಕೊಂಡು ಅಲೀತಿದ್ಲಂತೆ. ಅಣ್ಣ ಅವಳ ಚಿತ್ರ ತೆಗೆದ, ನೆನಪಿಗಿರ್ಲಿ ಅಂತ ಅವಳ ಕೈಯಲ್ಲಿದ್ದ ಫೋಟೋನೂ ಕಿತ್ಕೊಂಡು ಇಲ್ಲಿ ಸಿಕ್ಕಿಸಿದ. ಅವಳು ಆ ಜಾಗಕ್ಕೆ ಬೂದಿ ಬಳಿದು ಏನೋ ಮಂತ್ರ ಹೇಳಿದ್ಲು. ಅಣ್ಣಂಗೆ ಆ ಭಾಷೆ ತಿಳೀಲಿಲ್ಲ. ಫೋಟೋದಿಂದ ಮಗು ಮಾಯವಾಯ್ತು. ಮನೆಗೆ ಬಂದು ಅದೇ ಜಾಗದಲ್ಲಿ ಅಮ್ಮನ ಫೋಟೋ ಇಟ್ಟ, ಆಗ ತಿಳೀತು. ಇಟ್ಟೋರು ಈ ಗುಂಪಿಗೆ ಸೇರ್ತಾರೆ, ಅವರ ಮುಖ ನಮಗೆ ಮರೆತುಹೋಗುತ್ತೆ.”

“ಇದರಲ್ಲಿ ನಿಮ್ಮಮ್ಮ ಯಾರು?”

“ಗೊತ್ತಿದ್ರೆ ನಾನು ಇದನ್ನ ಇಷ್ಟು ವರ್ಷ ಹೊತ್ಕೊಂಡು ತಿರುಗ್ತಿದ್ನಾ? ಎಲ್ಲರನ್ನೂ ಮಾತಾಡಿಸ್ತೀನಿ. ಒಬ್ಬಳಿಗಾದ್ರೂ ತಲುಪುತ್ತೆ.” ಅವಳು ಸೆರಗಿನಿಂದ ಪುಟ ಒರೆಸಿದಳು. “ಹೊಲಿಗೆ ಗಟ್ಟಿಯಾಗಿ ಹಾಕಪ್ಪ. ಇನ್ಮೇಲೆ ನಿನ್ನವಳೂ ಇದಾಳೆ.”

ಅವನು ನೂಲಿಗೆ ಮೇಣ ಸವರಿ, ಎರಡೆಳೆ ಸೇರಿಸಿ ಹೊಲಿದ.

ಈಗ ಸಂಜೆ ಅಂಗಡಿ ಮುಚ್ಚಿ ಅವನು ಮುದುಕಿಯ ಮನೆಗೆ ಹೋಗುತ್ತಾನೆ. ನಡುವೆ ಆಲ್ಬಮ್ ತೆರೆದಿಟ್ಟುಕೊಂಡು ಇಬ್ಬರೂ ಕೂರುತ್ತಾರೆ. ಮುದುಕಿ ಒಬ್ಬೊಬ್ಬರನ್ನೇ ಮಾತಾಡಿಸುತ್ತಾಳೆ. ಒಂದು ಸಂಜೆ ಅವನೂ ಮೆಲ್ಲಗೆ ಹೇಳಿದ: “ಇವತ್ತೂ ಉಪ್ಪು ಜಾಸ್ತಿಯಾಯ್ತು ಕಣೇ.”

ಪುಟದಲ್ಲಿ ಒಂದು ಹುಬ್ಬು ಮೇಲೆದ್ದಿತು. ಅವನು ಉಸಿರು ಹಿಡಿದು ಬಾಗಿದ. ಪಕ್ಕದವಳ ಹುಬ್ಬೂ ಎದ್ದಿತು. ಅವಳ ಪಕ್ಕದವಳದೂ. ಅಷ್ಟೂ ಹೆಂಗಸರು ಒಂದೊಂದು ಹುಬ್ಬು ಎತ್ತಿ ಅವನನ್ನು ನೋಡುತ್ತಾ ನಿಂತರು.