ಕೆಂಪು ಬಂಡೆಯ ಮಡು

ಮೂರನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿದ್ದಾಗ ಬಾಗಿಲ ಗಂಟೆ ಹೊಡೆದುಕೊಂಡಿತು. ಸೌಭಾಗ್ಯ ಹಿಟ್ಟಿನ ಕೈಯನ್ನು ಮೇಲೆತ್ತಿಕೊಂಡೇ ಹೋಗಿ ಮೊಣಕೈಯಿಂದ ಚಿಲಕ ಒತ್ತಿದಳು. ಗಂಡ ಉದಯಕುಮಾರನ ಆಫೀಸಿನ ಹುಡುಗ, ಮೈಸೂರಿನ ರಾಕೇಶ್, ಬೆನ್ನಿಗೆ ಚೀಲ ಏರಿಸಿಕೊಂಡು ನಿಂತಿದ್ದ.

“ಒಲೆ ಆರಿಸಿ ಅಕ್ಕ. ಗೆರ್ಲಿಂಡೆ ಆಗ್ಲೇ ಕೆಳಗೆ ವ್ಯಾನ್ ತಂದು ನಿಲ್ಸಿದ್ದಾರೆ. ಮಧ್ಯಾಹ್ನ ಗುಡುಗು ಮಳೆ ಅಂತೆ. ಈಗ್ಲೇ ಹೊರಟ್ರೆ ಎರಡೂ ಆಗತ್ತೆ, ಇಲ್ಲಾಂದ್ರೆ ಕೋಟೆ ಮಾತ್ರ, ನೀರಿಲ್ಲ.”

ಎರಡೂ ಎಂದರೆ, ಮ್ಯಾನ್‌ಹೈಮ್‌ನಿಂದ ಪಶ್ಚಿಮಕ್ಕೆ ರೈನ್ ನದಿ ದಾಟಿದ ಮೇಲೆ ಸಿಗುವ ಫಾಲ್ಟ್ಸ್ ಕಾಡಿನೊಳಗಿನ ಒಂದು ಪಾಳುಕೋಟೆ, ಮತ್ತು ಆ ಕೋಟೆಯ ಹಿಂದಿನ ಇಳಿಜಾರಿನ ತಳದಲ್ಲಿರುವ ಮಡು. ಕೋಟೆ ಹತ್ತಬೇಕು, ಮಡುವಿನಲ್ಲಿ ಈಜಬೇಕು, ಬೆಳಕಿರುವಾಗಲೇ ವ್ಯಾನಿಗೆ ಮರಳಬೇಕು. ದಾರಿ ತೋರಿಸುವವಳು ಗೆರ್ಲಿಂಡೆ. ಹಲವು ಚಳಿಗಾಲಗಳನ್ನು ಮೆಕ್ಸಿಕೋದಲ್ಲಿ ಕಳೆದವಳು. ಪ್ರವಾಸಿಗಳನ್ನು ಮಾಯಾ ಜನರ ಪಾಳುಗುಡಿಗಳಿಗೆ ಹತ್ತಿಸಿ, ಬೆವರಿಳಿದ ಮೇಲೆ ಕಾಡಿನ ನಡುವಿನ ದುಂಡನೆಯ ಸುಣ್ಣಕಲ್ಲಿನ ಬಾವಿಗಳಲ್ಲಿ ಈಜಿಸಿ ಕರೆತರುತ್ತಿದ್ದಳಂತೆ. ಈಗ ತನ್ನ ಸೀಮೆಯಲ್ಲೇ ಅದೇ ಕ್ರಮ ಇಟ್ಟುಕೊಂಡಿದ್ದಳು. ಮೊದಲು ಪಾಳು, ಆಮೇಲೆ ನೀರು. ಉದಯಕುಮಾರ ಜರ್ಮನಿ ಸರ್ಕಾರ ಕೊಡುವ ಗ್ರೀನ್ ಕಾರ್ಡ್ ಮೇಲೆ ಇಲ್ಲಿಯ ಕಾರು ಕಂಪನಿಗೆ ಬಂದು ಎರಡು ಬೇಸಿಗೆ ಕಳೆದಿದ್ದವು. ಮಗಳು ಕೀರ್ತಿಗೆ ಸೂಪರ್‌ಮಾರ್ಕೆಟ್ಟು ಬಿಟ್ಟರೆ ಬೇರೇನನ್ನೂ ತೋರಿಸಲಿಲ್ಲವೆಂದು ಈ ಸಲ ಅವನೇ ಹಟ ಹಿಡಿದು ಹೆಸರು ಕೊಟ್ಟಿದ್ದ.

ಅವನು ಆಗಷ್ಟೇ ಲಿಂಗಪೂಜೆ ಮುಗಿಸಿ, ಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ಕೊರಳಿಗೆ ಹಾಕಿಕೊಳ್ಳುತ್ತ ಹೊರಬಂದ. ಕೈಯಲ್ಲಿ ಅದನ್ನು ಕಟ್ಟುವ ಹೊಸ ದಾರದ ಉಂಡೆಯಿತ್ತು.

“ಶಿವದಾರ ಸವದೈತಿ. ಬದಲಿಸ್ಕೊಂಡ ಬರ್ತೀನಿ, ಒಂದೀಟ ತಡಿ.”

“ಸಂಜಿಗೆ ಬದಲಿಸ್ಕೊಳ್ರಿ. ಆಕಿ ಕೆಳಗ ಕಾಯಾಕತ್ತಾಳ.”

ಅವನು ಉಂಡೆಯನ್ನು ಕಪಾಟಿನ ಮೇಲಿಟ್ಟ. ಎಷ್ಟು ಸಲೀಸಾಗಿ ಆ ಮಾತು ತನ್ನ ಬಾಯಿಂದ ಬಂದುಬಿಟ್ಟಿತೆಂದು ಸೌಭಾಗ್ಯ ಆಮೇಲೆ ಎಷ್ಟೋ ದಿನ ಪಾತ್ರೆ ತಿಕ್ಕುತ್ತ ನೆನೆದಳು. ಆಗ ಮಾತ್ರ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತುವ ಅವಸರದಲ್ಲಿದ್ದಳು.

ವ್ಯಾನು ದ್ರಾಕ್ಷಿ ತೋಟಗಳ ನಡುವೆ ಓಡಿ, ಒಂದು ಹಳ್ಳಿ ದಾಟಿ, ಕಾಡಿನ ಅಂಚಿಗೆ ಬಂದು ನಿಂತಿತು. ಅಲ್ಲಿಂದ ಕಾಲುದಾರಿ. ಮೊದಲು ಚೆಸ್ಟ್‌ನಟ್ ಮರಗಳು, ಮೇಲೇರಿದಂತೆ ನೆಟ್ಟಗೆ ನಿಂತ ಪೈನ್ ಮರಗಳು. ನೆಲದ ತುಂಬ ಕಂದು ಸೂಜಿಯೆಲೆ ಬಿದ್ದು, ಹೆಜ್ಜೆಯ ಸದ್ದೇ ಕೇಳಿಸುತ್ತಿರಲಿಲ್ಲ. ಒಂದು ತಿರುವಿನಲ್ಲಿ ಮರಗಳು ಇದ್ದಕ್ಕಿದ್ದಂತೆ ಸರಿದು, ಕೆಂಪು ಬಂಡೆಯೊಂದು ಆಕಾಶಕ್ಕೆ ಎದ್ದು ನಿಂತಿತು. ಕೋಟೆಯನ್ನು ಅದರ ಮೇಲೆ ಕಟ್ಟಿರಲಿಲ್ಲ, ಅದರೊಳಗೇ ಕೊರೆದಿದ್ದರು. ಮೆಟ್ಟಿಲು, ಕೋಣೆ, ನೀರಿನ ತೊಟ್ಟಿ, ಎಲ್ಲವೂ ಒಂದೇ ಕಲ್ಲು. ಸಾವಿರ ಕಾಲುಗಳು ತುಳಿದು ಮೆಟ್ಟಿಲುಗಳ ನಡುಭಾಗ ಬಟ್ಟಲಿನಂತೆ ತಗ್ಗು ಬಿದ್ದಿತ್ತು.

ಉದಯಕುಮಾರ ಬಂಡೆಗೆ ಅಂಗೈ ಒತ್ತಿ ನಿಂತ. ಅವನದು ಗುಳೇದಗುಡ್ಡ, ಬಾದಾಮಿಯ ಬಂಡೆಗಳ ನೆರಳಿನಲ್ಲಿ ಬೆಳೆದವನು. ಕಲ್ಲಿನ ಬಣ್ಣ, ಬಿಸಿ, ಉದುರುವ ಮರಳು ಎಲ್ಲವೂ ಅದೇ ಎಂದು ಹೆಂಡತಿಗೆ ಹೇಳಿದ. ಎರಡು ವರ್ಷದಲ್ಲಿ ಅವನ ಮುಖ ಇಷ್ಟು ಸಡಿಲಗೊಂಡದ್ದನ್ನು ಅವಳು ನೋಡಿರಲಿಲ್ಲ.

ಕೊನೆಯ ಹಂತಕ್ಕೆ ಕಬ್ಬಿಣದ ಏಣಿ. ಗೆರ್ಲಿಂಡೆ ಮುಂದೆ, ಅವಳ ಹಿಂದೆ ಕೀರ್ತಿ ಅಳಿಲಿನಂತೆ ಹತ್ತಿದಳು. ಸೌಭಾಗ್ಯ ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಹತ್ತಿದಳು. ರಾಕೇಶ್ ಅರ್ಧಕ್ಕೆ ನಿಂತು, ಆಫೀಸಿನಲ್ಲಿ ಇಷ್ಟು ಎತ್ತರದಲ್ಲಿ ಮ್ಯಾನೇಜರ್ ಮಾತ್ರ ಕೂರುವುದು ಎಂದ. ತುದಿಯಲ್ಲಿ ಗಾಳಿ ಜೋರಿತ್ತು. ಸುತ್ತ ಕಣ್ಣು ಹಾಯುವವರೆಗೂ ಕಾಡು. ಪಶ್ಚಿಮದ ಅಂಚಿನಲ್ಲಿ ಬೂದು ಮೋಡದ ಗೆರೆ. ಗೆರ್ಲಿಂಡೆ ಅದನ್ನು ನೋಡಿ ಬೇಗ ಇಳಿಯೋಣ ಎಂದಳು. ಊಟ ನೀರಿನ ಬಳಿ ಎಂದು ತೀರ್ಮಾನವಾಯಿತು.

ಮಡು ದುಂಡಗಿತ್ತು. ಒಂದು ಕಡೆ ಮರಳಿನ ದಂಡೆ, ಇನ್ನೊಂದು ಕಡೆ ನೇರವಾಗಿ ನೀರಿಗಿಳಿದ ಕೆಂಪು ಗೋಡೆ. ತಳದ ಬುಗ್ಗೆಯ ನೀರು, ಬೇಸಿಗೆಯಲ್ಲೂ ತಣ್ಣಗೆ. ಮರಳಿನ ಕಡೆಯಿಂದ ಮೆಲ್ಲಗೆ ಇಳಿಯಿರಿ, ಬಂಡೆಯ ಕೆಳಗೆ ಒಂದೂವರೆ ಆಳು ಆಳವಿದೆ ಎಂದು ಗೆರ್ಲಿಂಡೆ ಎಚ್ಚರಿಸಿದಳು. ಕೀರ್ತಿ ಈಜುಕನ್ನಡಕ ಹಾಕಿಕೊಂಡು ಇಳಿದೇಬಿಟ್ಟಳು.

ಉದಯಕುಮಾರ ಬಂಡೆಯ ಮೇಲೆ ನಿಂತು ನೀರು ನೋಡುತ್ತಿದ್ದ. ಅವನು ಈಜು ಕಲಿತದ್ದು ಊರಿನ ಬಾವಿಯಲ್ಲಿ. ಅಲ್ಲಿ ನೀರಿಗೆ ಇಳಿಯುವುದೆಂದರೆ ಜಿಗಿಯುವುದೇ. ಅಂಗಿ ಕಳಚಿದ, ಎರಡು ಹೆಜ್ಜೆ ಹಿಂದೆ ಸರಿದ, ಓಡಿಬಂದು ಮಂಡಿ ಮಡಚಿ ಹಾರಿಕೊಂಡ.

ನೀರು ಗೋಡೆಯೆತ್ತರ ಚಿಮ್ಮಿತು. ಅವನು ಮೇಲೆ ಬಂದು ತಲೆ ಕೊಡವಿದ, ನಕ್ಕ. ಕೈ ಎದೆಗೆ ಹೋಯಿತು. ನಗು ನಿಂತಿತು.

ಕೊರಳಲ್ಲಿ ಏನೂ ಇರಲಿಲ್ಲ.

ಅವನು ಮುಳುಗಿದ. ಎದ್ದ, ಮತ್ತೆ ಮುಳುಗಿದ. ಸೌಭಾಗ್ಯಳಿಗೆ ದಂಡೆಯಿಂದಲೇ ತಿಳಿಯಿತು. ಏನು ಕಳೆಯಿತೆಂದು ರಾಕೇಶ್ ಕೇಳಿದಾಗ ಅವಳು ತನ್ನ ಕೊರಳ ದಾರವನ್ನು ಎತ್ತಿ ತೋರಿಸಿದಳು.

ರಾಕೇಶ್ ಬೂಟು ಕಿತ್ತೆಸೆದು ನೀರಿಗೆ ಬಿದ್ದ. ಆದರೂ ಮುಳುಗುವ ಮುನ್ನ ನಿಂತು ಕೇಳಿದ, “ಸರ್, ಅದನ್ನ ನಾನು ಮುಟ್ಟಬಹುದಾ?”

“ಕರಡಿಗಿ ಮುಟ್ಟಿದ್ರ ಏನೂ ಆಗಾಂಗಿಲ್ಲ ತಮ್ಮಾ. ಮೊದಲ ಸಿಗಲಿ.”

ಗೆರ್ಲಿಂಡೆಯೂ ಇಳಿದಳು. ಮೂವರೂ ತಳ ಕೆದಕಿದ್ದೇ ತಪ್ಪಾಯಿತು. ಹಳೆಯ ಎಲೆ, ಕೆಸರು ಎದ್ದು ನೀರು ಚಹಾದಂತಾಯಿತು. ರಾಕೇಶ್ ಕೆಮ್ಮುತ್ತ ದಂಡೆಗೆ ಬಂದು, ಅರ್ಧ ಜರ್ಮನಿ ತನ್ನ ಮೂಗಿಗೆ ಹೋಯಿತೆಂದ. ಉದಯಕುಮಾರ ಇನ್ನೂ ಮುಳುಗುತ್ತಿದ್ದ. ಅವನ ತುಟಿ ನೀಲಿಗಟ್ಟಿತ್ತು. ಗೆರ್ಲಿಂಡೆ ಅವನ ತೋಳು ಹಿಡಿದು ಎಳೆದು ತಂದು ಕೂರಿಸಿದಳು.

ಕೆಸರು ತಳಕ್ಕೆ ಕೂರುವವರೆಗೆ ಕಾಯಬೇಕಿತ್ತು. ಪಶ್ಚಿಮದಲ್ಲಿ ಗುಡುಗು ಒಮ್ಮೆ ಉರುಳಿತು. ಇನ್ನೂ ದೂರವಿದೆ, ಆದರೆ ಹತ್ತಿರ ಬಂದರೆ ಯಾರನ್ನೂ ನೀರಿನಲ್ಲಿ ಬಿಡುವುದಿಲ್ಲ ಎಂದು ಗೆರ್ಲಿಂಡೆ ಖಂಡಿತವಾಗಿ ಹೇಳಿದಳು. ಆಮೇಲೆ ದನಿ ತಗ್ಗಿಸಿ, ಮಾಯಾ ಜನರೂ ತಮ್ಮ ಬಾವಿಗಳಿಗೆ ಅತಿ ಬೆಲೆಯುಳ್ಳದ್ದನ್ನೇ ದೇವರಿಗೆಂದು ಎಸೆಯುತ್ತಿದ್ದರು, ನೀವೂ ಹಾಗೆ ತಿಳಿದು ಸಮಾಧಾನ ಮಾಡಿಕೊಳ್ಳಿ ಎಂದಳು. ಕೀರ್ತಿ ಅದನ್ನು ತನ್ನ ಹರುಕು ಕನ್ನಡದಲ್ಲಿ ಅಪ್ಪನಿಗೆ ತಿಳಿಸಿದಳು.

“ನಾವು ಎಸಿಯೂದಿಲ್ಲ ಅಂತ ಹೇಳವ್ವಾ. ನಮ್ಮದು ಮೈಮ್ಯಾಲೆ ಹೊತ್ಕೊಂಡ ಇರೂದು.”

ಸೌಭಾಗ್ಯ ಫ್ಲಾಸ್ಕಿನಿಂದ ಬಿಸಿ ಚಹಾ ಬಗ್ಗಿಸಿ ಕೊಟ್ಟಳು. ಅವನು ತಲೆಯಾಡಿಸಿ ದೂರ ಸರಿಸಿದ. ಲಿಂಗವಿಲ್ಲದೆ ಅವನು ಹನಿ ನೀರನ್ನೂ ಕುಡಿಯುವವನಲ್ಲ. ನಡುಗುತ್ತಿದ್ದ, ಹಸಿದಿದ್ದ, ಆದರೂ ಕಣ್ಣು ಮಾತ್ರ ನೀರಿನ ಮೇಲೆ. ಮೋಡ ಹತ್ತಿರ ಬಂದರೂ ಇವನು ಏಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಆಗ ಕೀರ್ತಿ ಗೆರ್ಲಿಂಡೆಯ ಕೈ ಎಳೆದು ಜರ್ಮನ್‌ನಲ್ಲಿ ಏನೋ ಹೇಳಿದಳು. ಅಪ್ಪ ಹಾರಿದಾಗ ನಾನು ನೀರೊಳಗೆ ಕಣ್ಣು ಬಿಟ್ಟಿದ್ದೆ. ಹೊಳೆಯುವುದೊಂದು ಬಂಡೆಯ ಬುಡಕ್ಕೆ, ಮುರಿದ ಕೊಂಬೆಯ ಆಚೆಗೆ ಜಾರಿತು. ನೀವೆಲ್ಲ ಈಚೆ ಹುಡುಕಿದಿರಿ. ನಾನು ಶಾಲೆಯ ಈಜುಕೊಳದಲ್ಲಿ ತಳದಿಂದ ರಬ್ಬರ್ ಬಳೆ ಎತ್ತಿ ತಂದು ಬ್ಯಾಡ್ಜ್ ಪಡೆದವಳು. ನಾನು ಹೋಗುತ್ತೇನೆ.

“ಬ್ಯಾಡ,” ಎಂದಳು ಸೌಭಾಗ್ಯ.

ಮಗಳು ಅವಳತ್ತ ತಿರುಗಿದಳು. ಈಜುಡುಗೆಯ ಮೇಲಿನ ಆ ಎಳೆಯ ಕೊರಳು ಬರಿದಾಗಿತ್ತು. ಸೌಭಾಗ್ಯ ಕಣ್ಣು ತಪ್ಪಿಸಿದಳು.

ಕೀರ್ತಿ ಹುಟ್ಟಿದಾಗ ಅತ್ತೆ ಅಂಬವ್ವ ತಾವೇ ನಿಂತು ಮಠದ ಅಯ್ಯನವರಿಂದ ಲಿಂಗ ಕಟ್ಟಿಸಿದ್ದರು. ಇಲ್ಲಿ ಶಾಲೆಯ ಈಜು ಪಾಠ ಶುರುವಾದಾಗ, ಕೊರಳಲ್ಲಿ ಏನೂ ಇರಬಾರದೆಂದು ಟೀಚರ್ ಹೇಳಿದರು. ಈಜಿನ ದಿನ ತೆಗೆದು ಸಂಜೆಗೆ ಕಟ್ಟಿದರಾಯಿತೆಂದು ಸೌಭಾಗ್ಯಳೇ ಅಂದದ್ದು. ಕೆಲವು ವಾರ ಹಾಗೆಯೇ ನಡೆಯಿತು. ಒಂದು ಸಂಜೆ ಮಗುವಿಗೆ ಜ್ವರ, ಇನ್ನೊಂದು ಸಂಜೆ ನಿದ್ದೆ. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಹುಡುಗಿಯರು ಏನೆಂದು ಕೇಳುತ್ತಾರೋ ಎಂಬ ಅಳುಕೂ ಸೇರಿಕೊಂಡಿತು. ಆ ಲಿಂಗ ಈಗ ಅರಳೆಯಲ್ಲಿ ಸುತ್ತಿ, ಕಪಾಟಿನಲ್ಲಿ ಚಳಿಗಾಲದ ಕೈಗವಸುಗಳ ಕೆಳಗಿತ್ತು. ಕೀರ್ತಿ ಒಂದು ದಿನವೂ ಕೇಳಿರಲಿಲ್ಲ. ಕೇಳದೇ ಇದ್ದದ್ದು ಮೊದಮೊದಲು ಹಗುರವೆನಿಸಿತ್ತು.

“ಹಗ್ಗಾ ಕಟ್ಟಿ ಬಿಡ್ರಿ,” ಎಂದಳು ಸೌಭಾಗ್ಯ.

ಗೆರ್ಲಿಂಡೆ ತನ್ನ ಚೀಲದಿಂದ ಹಗ್ಗ ತೆಗೆದು, ಮಗುವಿನ ಸೊಂಟಕ್ಕೆ ಸಡಿಲ ಕುಣಿಕೆ ಹಾಕಿ, ತಾನೂ ಪಕ್ಕದಲ್ಲೇ ಈಜುತ್ತ ಬಂಡೆಯವರೆಗೆ ಹೋದಳು. ಹಗ್ಗದ ತುದಿ ರಾಕೇಶನ ಕೈಯಲ್ಲಿ.

ಕೀರ್ತಿ ಉಸಿರು ಎಳೆದು ಮುಳುಗಿದಳು. ಮೇಲೆ ಬಂದಾಗ ಹಿಡಿಯಲ್ಲಿ ಕೊಳೆತ ಎಲೆ.

ಎರಡನೆಯ ಸಲ ಮುಳುಗಿದಳು.

ನೀರಿನ ಮೇಲೆ ಗುಳ್ಳೆಗಳು ಬಂದವು, ನಿಂತವು. ಹಗ್ಗ ಬಿಗಿಯಾಯಿತು. ರಾಕೇಶ್ ಎಳೆದ, ಹಗ್ಗ ಎಲ್ಲೋ ಸಿಕ್ಕಿಕೊಂಡಿತ್ತು. ಮತ್ತೆ ಎಳೆದ.

ಹಗ್ಗ ಬಂತು. ಬರಿದಾಗಿ ಬಂತು.

ಗೆರ್ಲಿಂಡೆ ಮುಳುಗಿದಳು. ಉದಯಕುಮಾರ ಎದ್ದು ಓಡಿದ. ಸೌಭಾಗ್ಯ ಈಜು ಬಾರದವಳು, ಚೂಡಿದಾರದಲ್ಲೇ ಎದೆಯವರೆಗೆ ನೀರಿಗೆ ಇಳಿದಿದ್ದಳು. ಲಿಂಗ ಬೇಡ, ಏನೂ ಬೇಡ, ಕೂಸು ಮೇಲೆ ಬರಲಿ ಎಂದು ಅವಳ ಬಾಯಿ ತಾನಾಗಿ ಹೇಳುತ್ತಿತ್ತು.

ಬಂಡೆಯ ಇನ್ನೊಂದು ಮೂಲೆಯಲ್ಲಿ ಪುಟ್ಟ ತಲೆಯೊಂದು ಮೇಲೆ ಬಂತು.

ಕೀರ್ತಿ ಬಂಡೆಯ ಬಿರುಕಿಗೆ ಬೆರಳು ಸಿಕ್ಕಿಸಿ ಜೋತುಬಿದ್ದು ಉಸಿರು ಎಳೆದುಕೊಂಡಳು. ಇನ್ನೊಂದು ಕೈಯಲ್ಲಿ, ಹರಿದ ದಾರದ ತುಂಡಿನ ಸಮೇತ, ಬೆಳ್ಳಿಯ ಕರಡಿಗೆ. ಹಗ್ಗ ಕೊಂಬೆಗೆ ಸಿಕ್ಕಿತು, ಅದಕ್ಕೇ ಕಳಚಿದೆ ಎಂದಳು, ಬೂಟಿನ ಲೇಸು ಬಿಚ್ಚಿದಷ್ಟು ಸರಳವಾಗಿ.

ಈ ಸಲದ ಗುಡುಗು ತಲೆಯ ಮೇಲೇ ಬಿತ್ತು.

ಅವರು ಓಡಿದರು. ಇಳಿಜಾರಿನ ಅರ್ಧದಲ್ಲಿ ಕೋಟೆಯ ಒಂದು ಕೊರೆದ ಕೋಣೆಯಿತ್ತು. ಅದರೊಳಗೆ ನುಗ್ಗುವ ಹೊತ್ತಿಗೆ ಮಳೆ ಪರದೆಯಂತೆ ಬಾಗಿಲಿಗೆ ಇಳಿಯಿತು. ಗೆರ್ಲಿಂಡೆ ಕೀರ್ತಿಯನ್ನು ಒಣ ಟವೆಲ್ಲಿನಲ್ಲಿ ಸುತ್ತಿದಳು. ಉದಯಕುಮಾರ ಕರಡಿಗೆ ತೆರೆದ. ಒಳಗೆ ಲಿಂಗ ಹಾಗೆಯೇ ಇತ್ತು.

“ಬಿದ್ದದ್ದಕ್ಕ ಏನ ಮಾಡಬೇಕು ಅನ್ನೂದು ಊರಿಗೆ ಫೋನ್ ಮಾಡಿ ಅಯ್ಯನವರನ್ನ ಕೇಳೂಣು,” ಎಂದ ಹೆಂಡತಿಗೆ. “ಈಗ ಪೂಜಿ ಮಾಡ್ತೀನಿ.”

ಸೌಭಾಗ್ಯ ಪರ್ಸಿನಿಂದ ವಿಭೂತಿಯ ಚೂರು ಕೊಟ್ಟಳು. ಅವನು ಬಾಗಿಲ ಬಳಿ ಕುಳಿತು, ಸುರಿಯುವ ಮಳೆಗೇ ಕೈಯೊಡ್ಡಿ ನೀರು ಹಿಡಿದು, ಎಡ ಅಂಗೈಯ ಮೇಲಿನ ಲಿಂಗಕ್ಕೆ ಎರೆದ. ರಾಕೇಶ್ ಟೋಪಿ ತೆಗೆದು ನಿಂತ. ಕೀರ್ತಿ ಟವೆಲ್ಲಿನೊಳಗಿಂದ ತನ್ನ ಎಡಗೈ ಹೊರತೆಗೆದು, ಅಂಗೈ ಬಿಡಿಸಿ ನೋಡಿಕೊಂಡು, ಮತ್ತೆ ಮುಚ್ಚಿದಳು.

ಅದನ್ನು ಕಂಡದ್ದು ತಾಯಿ ಒಬ್ಬಳೇ. ಅವಳು ರೊಟ್ಟಿಯ ಗಂಟು ಬಿಚ್ಚಿದಳು. ಉದಯಕುಮಾರ ಮೊದಲ ತುತ್ತನ್ನು ಮಗಳ ಬಾಯಿಗಿಟ್ಟು ಆಮೇಲೆ ತಾನು ತಿಂದ. ಶೇಂಗಾ ಚಟ್ನಿಗೆ ಗೆರ್ಲಿಂಡೆಯ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ರೊಟ್ಟಿಗೆ ಕೈ ಚಾಚಿದಳು.

ಮಳೆ ಸಣ್ಣದಾದಾಗ ಇಳಿದರು. ಬೆಳಿಗ್ಗೆ ದಾಟಿ ಬಂದ ಕಿರುತೊರೆ ಈಗ ಮೊಣಕಾಲೆತ್ತರ ಕೆಂಪಗೆ ಹರಿಯುತ್ತಿತ್ತು. ಗೆರ್ಲಿಂಡೆ ಆಚೆಯ ಮರಕ್ಕೆ ಹಗ್ಗ ಕಟ್ಟಿದಳು. ಒಬ್ಬೊಬ್ಬರಾಗಿ ಅದನ್ನು ಹಿಡಿದು ದಾಟಿದರು. ಉದಯಕುಮಾರ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಎಲ್ಲರಿಗಿಂತ ನಿಧಾನವಾಗಿ ದಾಟಿದ. ಕೆಸರಾದ ಬೂಟುಗಳಲ್ಲಿ ವ್ಯಾನು ತಲುಪಿದಾಗ ಮರಗಳ ತುದಿಯಲ್ಲಿ ಇನ್ನೂ ಬೆಳಕಿತ್ತು. ಕೋಟೆ ಆಯಿತು, ನೀರೂ ಆಯಿತು, ಎಲ್ಲರೂ ಇದ್ದೇವೆ ಎಂದು ಗೆರ್ಲಿಂಡೆ ತಲೆ ಎಣಿಸಿದಳು. ಕೀರ್ತಿಯ ಮುಂದೆ ತಾನಿನ್ನು ಈಜು ಬರುತ್ತದೆಂದು ಹೇಳಿಕೊಳ್ಳುವುದಿಲ್ಲ ಎಂದ ರಾಕೇಶ್.

ವ್ಯಾನು ಹೊರಟಿತು. ಸೌಭಾಗ್ಯ ದುಪಟ್ಟಾದ ಅಂಚನ್ನು ಉದ್ದಕ್ಕೆ ಹರಿದು, ಹೊಸೆದು, ಗಂಡನ ಕೊರಳಿಗೆ ಕರಡಿಗೆ ಕಟ್ಟಿದಳು. ಗಂಟು ಬಿಗಿಯಾಗಿದೆಯೇ ಎಂದು ಮತ್ತೆ ಮತ್ತೆ ಎಳೆದು ನೋಡಿದಳು. ಸಾಕು ಬಿಡು ಎಂದು ಅವನೇ ಅವಳ ಕೈ ಹಿಡಿದ.

ನಡುವೆ ಕುಳಿತಿದ್ದ ಕೀರ್ತಿ ಅಪ್ಪನ ಕೊರಳು ನೋಡಿದಳು, ಅಮ್ಮನ ಕೊರಳು ನೋಡಿದಳು. ಟವೆಲ್ಲು ಸರಿಸಿ ತನ್ನ ಕೊರಳ ಕೆಳಗೆ ಬೆರಳಿಟ್ಟುಕೊಂಡಳು. ಮನೆಯಲ್ಲಿ ಏನು ಕೇಳಿದರೂ ಜರ್ಮನ್‌ನಲ್ಲೇ ಉತ್ತರ ಕೊಡುವ ಮಗು ಈಗ ಜರ್ಮನ್‌ನಲ್ಲಿ ಮಾತಾಡಲಿಲ್ಲ.

“ಅವ್ವಾ, ನಂದು ಎಲ್ಲೈತಿ?”