ನೆಲಕ್ಕಿಡದ ಕೊಯ್ತಾ

“ಕೈಗೆ ಕೊಡಬ್ಯಾಡ, ನಂದಾ. ನೆಲಕ್ಕಿಡು. ಅಳಿಯಾರು ತಾವಾ ಎತ್ತಿಕೊಳ್ಳಲಿ.”

ಮಾವ ರೂಪಲಪ್ಪನ ಮಾತಿಗೆ ಖೇಮಪ್ಪನಿಗೆ ನಗು ಬಂತು. ಗೋವೆಯ ಕಲಂಗುಟ್‌ನ ಕಡಲ ದಂಡೆಯಲ್ಲಿ ಬಿಳಿಯರಿಗೆ ಮಣಿಸರ, ಮುಖವಾಡ ಮಾರಿ ಪಳಗಿದವನು ಅವನು. ನಂದಾಳನ್ನು ಕಟ್ಟಿಕೊಂಡು ಮೊಲೆಂನ ಈ ಹೆದ್ದಾರಿ ಅಂಗಡಿಗೆ ಮನೆ ಅಳಿಯನಾಗಿ ಬಂದಿದ್ದ. ಕೈಯ ಅರಿಶಿನ ಇನ್ನೂ ಮಾಸಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಅಂಗಡಿಯ ಮುಂದುಗಡೆ ಸಾಬೂನು, ಬೀಡಿ, ಒಣಮೀನು. ಹಿಂದುಗಡೆ ಪೋರ್ಚುಗೀಸರ ಕಾಲದ ಗಡಿಯಾರ, ಹಿತ್ತಾಳೆ ದೀಪ, ನಂದಾ ಹೊಲಿದ ಕನ್ನಡಿ ಕಸೂತಿಯ ಚೀಲಗಳು. ಗೋಡೆಯ ಮೊಳೆಗೆ ಆ ಕೊಯ್ತಾ, ತೆಂಗಿನ ಮರದಿಂದ ಹೆಂಡ ಇಳಿಸುವವನ ಅಗಲ ಬಾಯಿಯ ಕತ್ತಿ. ಅಣ್ಣತಮ್ಮಂದಿರ ಜಗಳದಲ್ಲಿ ಒಬ್ಬ ಅದಕ್ಕೆ ಮಾಟ ಮಾಡಿಸಿದ್ದನಂತೆ. ಇಬ್ಬರೂ ಉಳಿಯಲಿಲ್ಲ. ಒಬ್ಬನ ಹೆಂಡತಿ ಬಂದು ಅದನ್ನು ಈ ಹೊಸ್ತಿಲಲ್ಲಿ ಎಸೆದು, ಹಿಂದಿರುಗಿ ನೋಡದೆ ಹೋಗಿದ್ದಳು.

“ಅದನ್ನ ಒಬ್ಬರ ಕೈಯಿಂದ ಇಸಗೊಂಡ್ರ, ಇಸಗೊಂಡ ಕೈ ಕೊಟ್ಟವರನ್ನ ಕಡೀತೈತ್ರಿ,” ಎಂದ ರೂಪಲಪ್ಪ. “ನೆಲದ ಮ್ಯಾಲಿಂದ ತಗೊಂಡ್ರ ಏನೂ ಇಲ್ಲ. ಭೂಮ್ತಾಯಿ ನಡುವ ಇರ್ತಾಳ.”

“ಮಾಮಾ, ಉಪ್ಪು ಕೈಗೆ ಕೊಟ್ರ ಜಗಳ ಅಂತೀರಿ, ಕತ್ತರಿ ಕೊಟ್ರ ಜಗಳ ಅಂತೀರಿ. ಸಂಜಿಗೆ ಇದನ್ನ ಕೊಳ್ಳಾಕ ಗಿರಾಕಿ ಬರ್ತಾನ. ಅವಂಗೂ ನೆಲದಾಗಿಂದ ಹೆಕ್ಕು ಅನ್ನಲೇನು?”

ಮೊಳೆಯಿಂದ ಇಳಿಸಿದ ಕೊಯ್ತಾ ಹಿಡಿದು ನಂದಾ ಬಾಗಿದ್ದಳು. ಅದು ನೆಲ ಮುಟ್ಟುವ ಮೊದಲೇ ಖೇಮಪ್ಪ ಅವಳ ಕೈಯಿಂದ ಕಿತ್ತುಕೊಂಡ.

ಏನೂ ಆಗಲಿಲ್ಲ. ಅವನು ಗೆದ್ದವನಂತೆ ಹುಬ್ಬು ಹಾರಿಸಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಮುದುಕ ಊಟ ಮಾಡಲಿಲ್ಲ.

ಮಧ್ಯಾಹ್ನ ಗೋವೆಯ ರೂಢಿಯಂತೆ ನಿದ್ದೆಗೆಂದು ಶಟರ್ ಕೆಳಗೆಳೆದರು. ಹಳೆಯ ತಗಡು, ಭಾರ. ಎರಡೂ ಕೈ ಹಾಕದೆ ಏಳುತ್ತಿರಲಿಲ್ಲ. ಅಂಗಡಿಗೆ ಇದ್ದದ್ದು ಅದೊಂದೇ ಬಾಗಿಲು. ಅದಿರಿನ ಲಾರಿ ಹಾದಾಗಲೆಲ್ಲ ಅದು ಗಡಗಡ ನಡುಗಿ, ಸಂದಿಯಿಂದ ಕೆಂಪು ಧೂಳು ಒಳಗೆ ಸುರಿಯುತ್ತಿತ್ತು. ಕತ್ತಲಲ್ಲಿ ಸೀಮೆಎಣ್ಣೆಯ ನಾತ. ನಂದಾ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಖೇಮಪ್ಪ ಗಿರಾಕಿಗಾಗಿ ಕೊಯ್ತಾ ಉಜ್ಜುತ್ತ ಕೂತ. ಉಜ್ಜಿದಂತೆ ಹುಳಿ ಹೆಂಡದ ವಾಸನೆ ಎದ್ದಿತು. ಆಮೇಲೆ ಹಸಿ ರಕ್ತದ್ದು.

ಕೆಳಗಿಡಲು ಹೋದ. ಬೆರಳು ಬಿಚ್ಚಲಿಲ್ಲ.

ಜಗತ್ತಿನಲ್ಲಿ ಅವನಿಗೆ ನಂದಾಳಿಗಿಂತ ಹೆಚ್ಚಿನವರು ಯಾರೂ ಇರಲಿಲ್ಲ. ಆ ಕೈಗೆ ಅದು ಗೊತ್ತಿರಲಿಲ್ಲ. ಅದು ಎದ್ದಿತು. ಅವನನ್ನು ಎಳೆದುಕೊಂಡು ಚಾಪೆಯ ಕಡೆ ನಡೆಯಿತು.

“ನಂದಾ! ಏಳು! ಓಡು!”

ಅವಳು ಹೊರಳಿದಳು. ಏಟಿಗೆ ದಿಂಬು ಸೀಳಿತು. ಮೂಲೆಯಲ್ಲಿ ಮಲಗಿದ್ದ ರೂಪಲಪ್ಪ ಎದ್ದು ಅಡ್ಡ ಬಂದ. ಕೊಯ್ತಾ ಮುದುಕನ ಭುಜಕ್ಕೆ ಇಳಿದು ಎಲುಬಿಗೆ ಸಿಕ್ಕಿತು. ಕೈ ಅದನ್ನು ಅಲುಗಿಸಿ ಕಿತ್ತಿತು. ಕಸೂತಿ ಚೀಲಗಳ ಕನ್ನಡಿಗಳ ಮೇಲೆಲ್ಲ ರಕ್ತ ಸಿಡಿಯಿತು. ಮುದುಕ ಮೀನಿನ ಬುಟ್ಟಿಯ ಮೇಲೆ ಕುಸಿದ.

ಖೇಮಪ್ಪ ಎಡಗೈಯಲ್ಲಿ ಹಿತ್ತಾಳೆ ದೀಪ ಎತ್ತಿಕೊಂಡ. ತನ್ನ ಬಲ ಮಣಿಕಟ್ಟನ್ನೇ ಜಜ್ಜಿದ. ಮತ್ತೆ ಜಜ್ಜಿದ. ಲಟಕ್ಕೆಂದಿತು. ಮುರಿದ ಕೈ ನಿಲ್ಲಲಿಲ್ಲ.

“ನನ್ನ ನೋಡಬ್ಯಾಡ! ಹೊರಗ ಹೋಗ!”

ನಂದಾ ಶಟರನ್ನು ಮೊಣಕಾಲೆತ್ತರ ಎತ್ತಿದ್ದಳು. ನುಸುಳಬಹುದಿತ್ತು. ಹಿಂದಿನಿಂದ ಗಂಡ ಕಿರುಚಿದ್ದು ಕೇಳಿತು. ಶಟರ್ ಬಿಟ್ಟಳು. ಅದು ದಡಾರನೆ ಬಿತ್ತು. ಹಾಳು ಪ್ರೀತಿಗೆ ಆ ಹೊತ್ತಿನಲ್ಲಿ ಅಪ್ಪನ ಮಾತು ಎಲ್ಲಿ ನೆನಪಾಗಬೇಕು! ಓಡಿ ಬಂದವಳೇ ಅವನ ಮುಷ್ಟಿಯಿಂದ ಕೊಯ್ತಾ ಕಿತ್ತುಕೊಂಡಳು.

ಬೆರಳುಗಳು ಸಲೀಸಾಗಿ ಬಿಚ್ಚಿದವು. ಕೈ ಮತ್ತೆ ಅವನದಾಯಿತು. ನೋವು ಬಂತು. ಆ ನೋವಿನ ಸುಖಕ್ಕೆ ಅವನು ಅತ್ತುಬಿಟ್ಟ. ಮೊಣಕಾಲೂರಿ ಅವಳ ಸೀರೆಯಲ್ಲಿ ಮುಖವಿಟ್ಟ.

“ಉಳದ್ವಿ, ನಂದಾ. ಕೆಳಗಿಡು ಅದನ್ನ.”

ನಂದಾ ಬಾಗಲಿಲ್ಲ.

ರೂಪಲಪ್ಪ ರಕ್ತದಲ್ಲಿ ತೆವಳುತ್ತ ತಲೆಯೆತ್ತಿದ. “ಮಗಳ... ಯಾರ ಕೈಯಿಂದ ಇಸಗೊಂಡಿ?”

ಅವಳ ತೋಳು ಮೇಲೇಳುತ್ತಿತ್ತು. ಅವಳು ಅಳುತ್ತಿದ್ದಳು.

“ಬೆರಳು ಬಿಚ್ಚವಲ್ವುರಿ. ಓಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಓಡ್ರಿ!”

ಖೇಮಪ್ಪ ಓಡಿದ. ಒಂದು ಕೈಯಲ್ಲಿ ಶಟರ್ ಹಿಡಿದು ಮೇಲಕ್ಕೆಳೆದ. ಇನ್ನೊಂದು ಕೈಯನ್ನು ಅವನೇ ಮುರಿದುಕೊಂಡಿದ್ದ.