ಸೊಪ್ಪಿನಮ್ಮನ ಕವಲಿನಲ್ಲಿ ತಿರುಗಿದ ಬಾಣ

ಭಾನುವಾರ ಬೆಳಿಗ್ಗೆ ಬಾಣ ಮತ್ತೆ ತಿರುಗಿತ್ತು.

ಮೈಸೂರಿನಿಂದ ನಡೆಯಲು ಬಂದಿದ್ದ ಗುಂಪು ಅಕ್ಕಮ್ಮನ ಕಟ್ಟೆಗೆ ಹೋಗಬೇಕಿತ್ತು. ಅದರ ಬದಲು ನೀಲಗಿರಿ ತೋಪಿನಲ್ಲಿ ಸುತ್ತಿ ಸುತ್ತಿ, ಹೆದ್ದಾರಿ ಪಕ್ಕದ ಚೆಲುವರಾಜುವಿನ ಟೀ ಅಂಗಡಿಯ ಹಿಂದೆ ಹೊರಬಿತ್ತು. ವಯಸ್ಸಾದ ಹೆಂಗಸೊಬ್ಬರು ಮಾತ್ರ ಬರಲಿಲ್ಲ. ಕಾಲು ಉಳುಕಿಸಿಕೊಂಡು ಲಂಟಾನ ಪೊದೆಗಳ ನಡುವೆ ಕೂತಿದ್ದ ಅವರನ್ನು ಹುಡುಕಿ ತರುವಷ್ಟರಲ್ಲಿ ಬಿಸಿಲು ಏರಿತ್ತು.

ಹೀಗಾಗಿದ್ದು ಇದು ಮೂರನೆಯ ಸಲ. ಪಂಚಾಯ್ತಿ ಸದಸ್ಯ ಗುರುಸ್ವಾಮಿ ಚಂದ್ರಿಕಾಳಿಗೆ ಖಡಾಖಂಡಿತವಾಗಿ ಹೇಳಿದರು: ಯಾರ ಕೆಲಸ ಅಂತ ಸಂಜೆಯೊಳಗೆ ಗೊತ್ತಾಗದಿದ್ದರೆ ದಾರಿ ಮುಚ್ಚುವುದೇ ಸರಿ.

ಚಂದ್ರಿಕಾ ನನ್ನ ಹೆಂಡತಿಯ ಅಣ್ಣನ ಮಗಳು. ಹುಣಸೂರಿನ ಆಚೆಗಿನ ಮಾಸ್ತಿಕೊಪ್ಪಲಿನಲ್ಲಿ ಈ ನಡಿಗೆಯ ದಾರಿ ಮಾಡಿದವಳು ಅವಳೇ. ಊರಿನಿಂದ ಹೊಂಗೆಮರದ ಗಾಡಿದಾರಿ, ಆಮೇಲೆ ಅಕ್ಕಮ್ಮನ ಕಟ್ಟೆ, ಅದನ್ನು ದಾಟಿ ಕುರುಚಲು ಕಾಡು, ಕೊನೆಗೆ ಹಾಳೂರಿನ ವೀರಗಲ್ಲುಗಳು. ಜೊತೆಗೆ ಯಾರೂ ಹೋಗುವುದಿಲ್ಲ, ಕಲ್ಲಿನ ಮೇಲಿನ ಹಳದಿ ಬಾಣ ನೋಡಿಕೊಂಡು ನಡೆಯುವುದು. ಯಾರ ಯಾರ ಹೊಲದ ಬದುವಿನ ಮೇಲೆ ದಾರಿ ಹಾಯುತ್ತದೋ ಅವರೆಲ್ಲರ ಮನೆಗೂ ಹೋಗಿ ಒಪ್ಪಿಗೆ ಕೇಳಿ ಬಂದಿದ್ದಳು. ಅವಳಿಗೆ ಈ ದಾರಿಯೆಂದರೆ ಪ್ರಾಣ. ಅದು ಮುಚ್ಚಿಹೋಗುವ ಮಾತು ಕೇಳಿ ಜಗಲಿಯ ಮೇಲೆ ಕುಸಿದು ಕೂತಳು.

ನಾವು ಬಿಳಿಕೆರೆಯಿಂದ ಶನಿವಾರ ಊಟಕ್ಕೆಂದು ಹೋದವರು ಅಲ್ಲೇ ಉಳಿದಿದ್ದೆವು. ನನ್ನ ಹೆಂಡತಿ ಭಾಗ್ಯಮ್ಮ ಪೊಲೀಸ್ ಇಲಾಖೆಯಲ್ಲಿ ಎಎಸ್ಐ ಆಗಿ ನಿವೃತ್ತಳಾದವಳು. ನಿವೃತ್ತಿ ಕಾಗದದಲ್ಲಿ ಮಾತ್ರ. ಮನೆಯಲ್ಲಿ ಹಾಲು ಉಕ್ಕಿದರೂ ನನ್ನ ಹೇಳಿಕೆ ಆಗಲೇಬೇಕು.

"ಏಳ್ರೀ, ಕವಲು ನೋಡ್ಕೊಂಡು ಬರೋಣ" ಎಂದಳು.

"ನಿನ್ನ ಮಂಡಿ?"

"ಮಂಡಿ ನಂದು. ನೀವು ಏಳಿ."

ಊರ ಬಾಗಿಲಲ್ಲಿ ಚಂದ್ರಿಕಾ ನಿಲ್ಲಿಸಿದ್ದ ದೊಡ್ಡ ಬೋರ್ಡು ಇತ್ತು. ಮಂಜು ಹೊದ್ದ ಕಟ್ಟೆಯ ಚಿತ್ರ. ಮೂಲೆಯಲ್ಲಿ ನೀರಿಗಿಳಿದ ಯಾರೋ ಸಣ್ಣದಾಗಿ ಕಾಣುತ್ತಿದ್ದರು. ಒಳ್ಳೆ ಚಿತ್ರ ಎಂದು ನಾನು ಹೊಗಳಿದೆ. ಭಾಗ್ಯ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದಳು.

ಗಾಡಿದಾರಿ ಮುಗಿಯುವಲ್ಲಿ ಕವಲು. ಬಲಕ್ಕೆ ಹೋದರೆ ಕಟ್ಟೆ, ಅದರ ಆಚೆ ದಂಡೆಗೆ ಆದಿವಾಸಿಗಳ ಹಾಡಿಯ ಮನೆಗಳು. ಎಡಕ್ಕೆ ನೀಲಗಿರಿ ತೋಪು, ಹೆದ್ದಾರಿ. ನಡುವೆ ಸೊಪ್ಪಿನಮ್ಮ. ಗುಡಿಯೇನಿಲ್ಲ, ಒಂದು ಗುಂಡುಕಲ್ಲು. ಈ ಸೀಮೆಯವರು ಯಾರೇ ಅಲ್ಲಿಗೆ ಬರಲಿ, ಬರುವ ದಾರಿಯಲ್ಲಿ ಸಿಕ್ಕಿದ ಮರದಿಂದ ಒಂದು ಹಸಿರು ಕಡ್ಡಿ ಮುರಿದು ಅಮ್ಮನ ಮುಂದೆ ಇಡುತ್ತಾರೆ. ಚಂದ್ರಿಕಾ ಹೊಂಗೆ ಕಡ್ಡಿ ಇಟ್ಟಳು, ಭಾಗ್ಯಳೂ ಇಟ್ಟಳು. ನಾನು ಇಂಥದ್ದಕ್ಕೆಲ್ಲ ಬಗ್ಗುವವನಲ್ಲ, ಕೈ ಕಟ್ಟಿಕೊಂಡು ನಿಂತೆ.

ಬಾಣದ ಚಪ್ಪಡಿಯನ್ನು ಬುಡಸಮೇತ ಕಿತ್ತು, ಎಡಕ್ಕೆ ತಿರುಗಿಸಿ ನೆಟ್ಟಿದ್ದರು. ನಾನು ಅಲ್ಲಾಡಿಸಿ ನೋಡಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ನಿನ್ನೆ ಸಂಜೆ ಸರಿಯಾಗಿತ್ತಾ?" ಭಾಗ್ಯ ಕೇಳಿದಳು.

"ನಾನೇ ಬಂದು ನೋಡ್ಕೊಂಡು ಹೋದೆ ಅತ್ತೆ. ಆಮೇಲೆ ಬಂದಿದ್ದು ಮೈಸೂರಿನೋರು ಮಾತ್ರ."

"ಅವರು ಸೊಪ್ಪು ಇಡ್ತಾರಾ?"

"ಅವರಿಗೇನು ಗೊತ್ತು? ಫೋಟೋ ತೆಗೀತಾರೆ, ಹೋಗ್ತಾರೆ."

ಭಾಗ್ಯ ಮಂಡಿ ಹಿಡಿದುಕೊಂಡು ಸೊಪ್ಪಿನಮ್ಮನ ಮುಂದೆ ಕೂತಳು. ಹರಕೆ ಹೊರುತ್ತಿದ್ದಾಳೆ ಎಂದುಕೊಂಡೆ. ಎದ್ದವಳು ಚೆಲುವರಾಜುವನ್ನು ನೋಡಬೇಕೆಂದಳು.

ಊರವರ ಅನುಮಾನವೆಲ್ಲ ಅವನ ಮೇಲೇ. ಬಾಣ ತಿರುಗಿದರೆ ಜನ ಅವನ ಅಂಗಡಿಗೆ ಬರುತ್ತಾರೆ. ಅಂಥ ಕಲ್ಲು ಕೀಳಲು ಗಟ್ಟಿ ಆಳುಗಳು ಬೇಕು, ಅವನಿಗೆ ಇಬ್ಬರು ಗಂಡುಮಕ್ಕಳಿದ್ದಾರೆ. ನನ್ನ ಮಟ್ಟಿಗೆ ಕೇಸು ಅಲ್ಲಿಗೇ ಮುಗಿದಿತ್ತು.

ಚೆಲುವರಾಜು ಟೀ ಕೊಟ್ಟು, ನೋವಿನಿಂದಲೇ ಮಾತಾಡಿದ. "ನಾಕು ಟೀ ಜಾಸ್ತಿ ಮಾರಕ್ಕೆ ಯಾರಾರ ಕಲ್ಲು ಕೀಳ್ತಾರಾ ಅಕ್ಕಾರೆ? ಆ ಅಜ್ಜಮ್ಮನ್ನ ಹುಡುಕಿ ಎತ್ಕಂಡು ಬಂದಿದ್ದೇ ನನ್ ಮಕ್ಳು ಕಣ್ರೀ."

"ಅದಿರಲಿ. ನೀವು ಇಲ್ಲಿಂದ ಕವಲಿಗೆ ಬಂದ್ರೆ ಸೊಪ್ಪಿನಮ್ಮನಿಗೆ ಏನು ಇಡ್ತೀರಾ?"

ಅವನು ಪಿಳಿಪಿಳಿ ನೋಡಿದ. "ಈ ಕಡೆ ಇನ್ನೇನೈತೆ? ನೀಲಗಿರಿನೇ ಮುರ್ದು ಇಡದು. ಇಡ್ದೆ ದಾಟಕ್ಕಾಯ್ತದಾ?"

ಭಾಗ್ಯ ಟೀ ಪೂರ್ತಿ ಕುಡಿದು ಲೋಟ ಇಟ್ಟಳು. "ಚೆಲುವರಾಜು ಅಲ್ಲ" ಎಂದು ಹೊರಗೆ ಬಂದು ನಮಗೆ ಹೇಳಿದಳು. ಹಾಗಾದರೆ ನಡೆಯಲು ಬಂದವರಿಂದ ಹೊಲ ತುಳಿಸಿಕೊಂಡು ಸಿಟ್ಟಾಗಿದ್ದ ಗುರುಸ್ವಾಮಿಯೇ ಇರಬೇಕೆಂದೆ. ಅವರು ಊರಿನ ಕಡೆಯಿಂದ ಬರುವವರು, ಹೊಂಗೆ ಇಡುತ್ತಿದ್ದರು ಎಂದಳು. ನನಗೆ ತಲೆಬುಡ ಅರ್ಥವಾಗಲಿಲ್ಲ.

ನಮ್ಮನ್ನು ಅವಳು ಕಟ್ಟೆಗೆ ಕರೆದುಕೊಂಡು ಹೋದಳು. ಏರಿಯುದ್ದಕ್ಕೂ ಲಕ್ಕಿಗಿಡಗಳು, ಘಮ್ಮೆನ್ನುವ ಎಲೆ. ನಿಂಗಿ ಒಗೆದ ಬಟ್ಟೆ ಹಿಂಡುತ್ತಿದ್ದಳು. ಹಾಡಿಯವಳು, ಚಂದ್ರಿಕಾಳ ಶಾಲೆಯ ಗೆಳತಿ, ಅವಳ ಜೊತೆ ಕೂತು ಬಾಣ ಬರೆದವಳು. ಅವಳ ಮೇಲೆ ಅನುಮಾನ ಪಡುವುದು ಯಾರಿಗೂ ಹೊಳೆದಿರಲಿಲ್ಲ. ನನಗೆ ದೂರ ನಿಲ್ಲಲು ಅಪ್ಪಣೆಯಾಯಿತು. ಮಾತು ಕೇಳಿಸುವಷ್ಟು ದೂರ ನಿಂತೆ.

ಭಾಗ್ಯ ಮೆತ್ತಗೆ ಹೇಳಿದಳು. "ಚಂದ್ರಿಕಾ ನಿನ್ನೆ ಸಂಜೆ ಇಟ್ಟ ಹೊಂಗೆ ಬಾಡಿ ಕೆಳಗೆ ಬಿದ್ದಿತ್ತು. ಅದರ ಮೇಲೆ ಹಸಿ ಲಕ್ಕಿಸೊಪ್ಪು. ಒಂದು ಕಡ್ಡಿಯಲ್ಲ, ತಲೆಗೊಂದರಂತೆ ಒಂದು ಹೊರೆ. ಊರ ದಾರೀಲಿ ಲಕ್ಕಿ ಇಲ್ಲ, ತೋಪಲ್ಲೂ ಇಲ್ಲ. ಇಲ್ಲಿ ಮಾತ್ರ. ಕಲ್ಲು ಕೀಳೋಕೆ ಗಟ್ಟಿ ಗಂಡಸರೇ ಬೇಕು ಅಂತ ಎಲ್ಲರೂ ಅಂದ್ಕೊಂಡ್ರು. ಇಷ್ಟು ಜನ ಹೆಂಗಸರು ಕೈ ಹಾಕಿದ್ರೆ ಸಾಕಲ್ವಾ ನಿಂಗಿ?"

ನಿಂಗಿ ಬಟ್ಟೆ ಕೆಳಗಿಟ್ಟಳು.

"ನಾವೇ ಕಣವ್ವ. ಎಲ್ರೂ ಸೇರ್ಕಂಡು ತಿರುಗಿಸ್ದೋ. ಕದ್ದು ಮಾಡಿದ್ರೂ ಅಮ್ಮನ ಮುಂದೆ ಸೊಪ್ಪಿಡ್ದೆ ಬರಕ್ಕೆ ಮನ್ಸು ಬರ್ನಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ಬೆಳಿಗ್ಗೆ ಮೈ ತೊಳೆಯಾಕೆ ಇಳಿದ್ರೆ ಏರಿ ಮ್ಯಾಲೆ ಜನ. ಫೋನ್ ಹಿಡ್ಕಂಡು ನಿಂತಿರ್ತಾರೆ. ಅವ್ರು ಓಗೋಗಂಟ ಒದ್ದೆ ಸೀರೇಲಿ ಪೊದೆ ಒಳಗೆ ಕೂತಿರ್ತೀವಿ. ಅಜ್ಜಮ್ಮ ಬಿದ್ದಿದ್ದು ಮಾತ್ರ ನಮ್ಮ ತಪ್ಪೇಯ."

"ನಂಗ್ಯಾಕೆ ಹೇಳ್ಲಿಲ್ಲ ನಿಂಗಿ?" ಚಂದ್ರಿಕಾ ಕೇಳಿದಳು.

"ಏನಂತ ಯೋಳ್ಲಿ? ನಿನ್ ಬೋರ್ಡ್‌ನಾಗೆ ನಮ್ಮನ್ನೇ ಆಕಿದ್ದೀಯ. ಗೊತ್ತಿದ್ದೇ ಆಕವ್ಳೆ ಅಂದ್ಕಂಡೋ."

ಚಂದ್ರಿಕಾ ಮೊಬೈಲ್ ತೆಗೆದು ಆ ಚಿತ್ರ ದೊಡ್ಡದು ಮಾಡಿದಳು. ಮಂಜಿನ ಮೂಲೆಯಲ್ಲಿ ಬರಿಯ ಬೆನ್ನು, ಇಳಿಬಿಟ್ಟ ಒದ್ದೆ ಕೂದಲು.

"ನಮ್ಮವ್ವ ಅದು" ಎಂದಳು ನಿಂಗಿ.

ಚಂದ್ರಿಕಾ ಅಲ್ಲೇ ಕೂತು ಅತ್ತಳು. ಎಲ್ಲರ ಬದುವಿಗೂ ಒಪ್ಪಿಗೆ ಕೇಳಿದವಳು, ಕಟ್ಟೆ ಸರ್ಕಾರದ್ದು ಎಂದು ಇಲ್ಲಿ ಯಾರನ್ನೂ ಕೇಳಿರಲಿಲ್ಲ. ಆ ಚಿತ್ರವನ್ನು ಹೊಗಳಿದ ನನಗೂ ನಾಚಿಕೆಯಾಯಿತು. ಹೊತ್ತು ಏರಿದ ಮೇಲೆ ನಿಮ್ಮ ಜನ ಬಂದರೆ ನಮಗೇನೂ ತೊಂದರೆಯಿಲ್ಲ ಎಂದು ನಿಂಗಿಯೇ ಅವಳನ್ನು ಸಮಾಧಾನ ಮಾಡಿದಳು.

ಸಂಜೆ ಪಂಚಾಯ್ತಿಯಲ್ಲಿ ಭಾಗ್ಯ, ಚೆಲುವರಾಜುವಿನದೇನೂ ತಪ್ಪಿಲ್ಲ ಎಂದಷ್ಟೇ ಹೇಳಿದಳು. ಮತ್ತೆ ಯಾರು ಎಂದು ಗುರುಸ್ವಾಮಿ ಪಟ್ಟು ಹಿಡಿದರು. ಚಂದ್ರಿಕಾ ಎದ್ದು ನಿಂತಳು.

"ನಾನು. ದಾರಿ ಹಾಕಿದ್ದೇ ತಪ್ಪಾಗಿತ್ತು. ಇನ್ನು ಹಾಳೂರಿನ ಕೊನೆಯಿಂದ ಊರ ಕೊನೆಗೆ ನಡೆಸ್ತೀನಿ. ನಾನೇ ಜೊತೇಲಿರ್ತೀನಿ."

ಗುರುಸ್ವಾಮಿ ಅವಳ ಮುಖ ನೋಡಿದರು, ಭಾಗ್ಯಳ ಮುಖ ನೋಡಿದರು. ಇನ್ನೇನೋ ಇದೆ ಎಂದು ಅವರಿಗೆ ತಿಳಿಯಿತು. ಕೇಳದೆ ಒಪ್ಪಿದರು. ಅದಕ್ಕೆ ಅವರ ಮೇಲೆ ನನಗೆ ಗೌರವ ಹುಟ್ಟಿತು.

ಮುಂದಿನ ಭಾನುವಾರ ನಾನೂ ನಡೆದೆ. ಊರ ಬಾಗಿಲಿನ ಬೋರ್ಡಿನಲ್ಲಿ ಈಗ ವೀರಗಲ್ಲಿನ ಚಿತ್ರವಿತ್ತು. ಹಾಳೂರಿನಿಂದ ಹೊರಟು ಕಾಡು ದಾಟಿ ಬಂದಾಗ ಬಿಸಿಲು ಚೆನ್ನಾಗಿ ಏರಿತ್ತು. ಕಟ್ಟೆಯ ಏರಿ ಇನ್ನೂ ದೂರವಿರುವಾಗಲೇ ಚಂದ್ರಿಕಾ ಎಲ್ಲರನ್ನೂ ನಿಲ್ಲಿಸಿದಳು. ಫೋನುಗಳನ್ನು ಚೀಲದೊಳಗೆ ಇಡಿಸಿದಳು. ಮೈಸೂರಿನವರು ಏಕೆ ಎಂದು ಮುಖ ಮುಖ ನೋಡಿಕೊಂಡರು.

ಅವಳು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದಳು. "ನಿಂಗೀ, ಬರಬಹುದಾ?"

ಅಲ್ಲೇ ಕಾದೆವು. ನಾನು ಪಕ್ಕದ ಲಕ್ಕಿಗಿಡದಿಂದ ಒಂದು ಕಡ್ಡಿ ಮುರಿದುಕೊಂಡೆ, ಮುಂದೆ ಕವಲಿನಲ್ಲಿ ಬೇಕಾಗುತ್ತದಲ್ಲ. ಭಾಗ್ಯ ನೋಡಿಯೂ ನೋಡದವಳಂತೆ ಇದ್ದಳು.

ಸ್ವಲ್ಪ ಹೊತ್ತಿನ ಮೇಲೆ ಏರಿಯ ಆಚೆಯಿಂದ ಸ್ವರ ಬಂತು.

"ಬನ್ರವ್ವಾ, ಆಯ್ತು."